ಮನೆಗೊಂದು ವಿದ್ಯುತ್ ಸ್ಕೂಟರು

ಸ್ಕೂಟರು ಕೊಳ್ಳುವುದೆಂದರೆ ಒಂದು ಕಾಲಕ್ಕೆ ಮಗಳಿಗೆ ವರನನ್ನು ಗೊತ್ತುಮಾಡುವುದಕ್ಕಿಂತಲೂ ದೀರ್ಘವಾದ ಕಾರ್ಯವಾಗಿತ್ತು. ಮುಂಗಡ ಹಣ ಕಟ್ಟಿ, ರಸೀದಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರಪಡಿಸಿ, ವರ್ಷಗಟ್ಟಲೆ ಕಾದು ಕುಳಿತ ಸಂಸಾರಗಳು ಎಷ್ಟೋ. ಕಾದುದು ಕಡೆಗೊಮ್ಮೆ ಮನೆಗೆ ಬಂದ ಮೇಲೆ, ಚಳಿಗಾಲದ ಬೆಳಗಿನಲ್ಲಿ ಅದನ್ನು ಒಂದು ಮಗ್ಗುಲಿಗೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ, ನಾಲ್ಕಾರು ಬಾರಿ ಒದ್ದು ಎಬ್ಬಿಸಬೇಕಾಗಿತ್ತು. 1972ರಲ್ಲಿ ಬಜಾಜ್ ಕಂಪೆನಿಯವರು ತಮ್ಮ ಗಾಡಿಗೆ ರಾಣಾ ಪ್ರತಾಪನ ಕುದುರೆಯ ಹೆಸರನ್ನಿಟ್ಟು ಚೇತಕ್ ಎಂದು ಕರೆದರು. ಅದೇ ಹೆಸರು 2020ರ ಜನವರಿಯಲ್ಲಿ ವಿದ್ಯುತ್ ಗಾಡಿಯ ರೂಪದಲ್ಲಿ ಪುಣೆ, ಬೆಂಗಳೂರುಗಳ ಬೀದಿಗೆ ಮರಳಿತು. ಈ ಹೊಸ ಚೇತಕನಿಗೆ ಒದೆ ಬೇಕಿಲ್ಲ, ಪೆಟ್ರೋಲಿನ ಮೇವೂ ಬೇಕಿಲ್ಲ. ರಾತ್ರಿ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದರೆ ಬೆಳಗಿನ ಹೊತ್ತಿಗೆ ಓಟಕ್ಕೆ ಸಿದ್ಧ.

ಬೆಂಗಳೂರಿಗೂ ಈ ಬಗೆಯ ವಾಹನಕ್ಕೂ ಇರುವ ನಂಟು ಹೊಸದಲ್ಲ. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಈ ನಗರದ ಬೀದಿದೀಪಗಳನ್ನು ಬೆಳಗಿಸಿತು. ಆ ಬಳಿಕ ಶತಮಾನ ತುಂಬುವ ಮೊದಲೇ, 2001ರಲ್ಲಿ, ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಇಲ್ಲಿಂದಲೇ ಹೊರಟಿತು. ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯೊಂದನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯ ಕರ್ನಾಟಕ. ಅದು 2017ರ ಮಾತು. ಮರುವರ್ಷ ಏಥರ್ ಕಂಪೆನಿಯ ಮೊದಲ ಸ್ಕೂಟರು ಬೆಂಗಳೂರಿನಲ್ಲಿಯೇ ಬಿಡುಗಡೆಯಾಯಿತು. 2020ರಲ್ಲಿ ಟಿ.ವಿ.ಎಸ್. ಕಂಪೆನಿಯ ಐಕ್ಯೂಬ್, 2021ರ ಸ್ವಾತಂತ್ರ್ಯ ದಿನದಂದು ಓಲಾ, 2022ರಲ್ಲಿ ಹೀರೋ ಕಂಪೆನಿಯ ವಿಡಾ, ಹೀಗೆ ಒಂದರ ಹಿಂದೊಂದು ಬಂದುವು. ಕಾಯುವ ಕಷ್ಟ ಕಳೆದು ಆರಿಸುವ ಕಷ್ಟ ಬಂದಿದೆ. ಒಂದೂ ಜಾತಕ ಬಾರದಿದ್ದ ಮನೆಗೆ ಹಠಾತ್ತನೆ ಐವತ್ತು ಜಾತಕಗಳು ಬಂದಂತೆ!

ಮಳಿಗೆಯ ಬಾಗಿಲಲ್ಲಿ ಗಿರಾಕಿಯನ್ನು ಎದುರುಗೊಳ್ಳುವ ತರುಣ ಮೊದಲು ಹೇಳುವುದು ಗಾಡಿಯ ವೇಗ. ಅನಂತರ, ಒಮ್ಮೆ ಚಾರ್ಜು ಮಾಡಿದರೆ ಅದು ಎಷ್ಟು ದೂರ ಓಡುವುದೆಂಬ ಸಂಖ್ಯೆ. ಆಮೇಲೆ ಹ್ಯಾಂಡಲಿನ ನಡುವೆ ಹೊಳೆಯುವ ಪರದೆಯ ಲೀಲೆಗಳು. ಅದು ದಾರಿ ತೋರಿಸುತ್ತದೆ, ಹಾಡು ಕೇಳಿಸುತ್ತದೆ, ದೂರವಾಣಿ ಕರೆ ಬಂದುದನ್ನು ತಿಳಿಸುತ್ತದೆ. ಇವೆಲ್ಲ ಸೊಗಸೇ. ಆದರೆ ಸೊಸೈಟಿಯಿಂದ ಸಾಲ ತೆಗೆದು ಗಾಡಿ ಕೊಳ್ಳುವ ಗೃಹಸ್ಥನಿಗೆ ಬೇಕಾದುದು ಬೇರೆ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅದು ಹೊರಡಬೇಕು. ಎಂದಾದರೊಂದು ದಿನ ಹೊರಡದೆ ಹೋದರೆ ಅದನ್ನು ರಿಪೇರಿ ಮಾಡಿ ಸಕಾಲಕ್ಕೆ ಹಿಂದಿರುಗಿಸುವವರು ಊರಿನಲ್ಲಿರಬೇಕು. ಗಾಡಿಯ ಓಟವನ್ನು ನೋಡಿ ಕೊಳ್ಳುವವರು ಬಹಳ ಮಂದಿ. ಅದು ನಿಂತಾಗ ಗತಿಯೇನೆಂಬುದನ್ನು ನೋಡಿ ಕೊಳ್ಳುವವರು ಕಡಮೆ.

ಓಟದ ಸಂಖ್ಯೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳಬಹುದು. ಜಾಹೀರಾತಿನಲ್ಲಿ ಅಚ್ಚಾಗುವ ಕಿಲೋಮೀಟರುಗಳು ಪರೀಕ್ಷಾಲಯದಲ್ಲಿ, ಗೊತ್ತುಪಡಿಸಿದ ವೇಗದಲ್ಲಿ ಗಾಡಿಯನ್ನು ಓಡಿಸಿ ಪಡೆದ ಲೆಕ್ಕ. ಅಲ್ಲಿ ಹಿಂದಿನ ಸೀಟಿನಲ್ಲಿ ಹೆಂಡತಿ ಕುಳಿತಿರುವುದಿಲ್ಲ, ಕಾಲಿನ ಬಳಿ ಅಕ್ಕಿಯ ಚೀಲ ಇರುವುದಿಲ್ಲ, ಎದುರುಗಾಳಿಯಿಲ್ಲ, ಮೇಲುಸೇತುವೆಯಿಲ್ಲ. ರಸ್ತೆಗಿಳಿದ ಮೇಲೆ ಆ ಸಂಖ್ಯೆಯಲ್ಲಿ ಕಾಲುಭಾಗವನ್ನಾದರೂ ಕಳೆದೇ ನೋಡಬೇಕು. ವೇಗವಾಗಿ ಓಡಿಸುವವರು, ಇಬ್ಬರನ್ನು ಕೂರಿಸಿಕೊಂಡು ಏರು ಹತ್ತುವವರು ಇನ್ನೂ ಹೆಚ್ಚು ಕಳೆಯಬೇಕು. ಸಾಲದೆಂಬಂತೆ ಬ್ಯಾಟರಿಗೂ ಮುಪ್ಪು ಬರುತ್ತದೆ. ಮೊದಲ ವರ್ಷ ನೂರು ಕಿಲೋಮೀಟರು ಓಡಿದ ಗಾಡಿ ಆರೇಳು ವರ್ಷಗಳ ತರುವಾಯ ಅದೇ ಚಾರ್ಜಿಗೆ ಎಪ್ಪತ್ತೆಂಬತ್ತು ಓಡಿದರೆ ಅದು ದೋಷವಲ್ಲ, ವಯೋಧರ್ಮ.

ಹಾಗೆಂದು ಅತಿ ದೊಡ್ಡ ಬ್ಯಾಟರಿಯನ್ನೇ ಕೊಳ್ಳಬೇಕೆಂದಿಲ್ಲ. ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ ನಿತ್ಯ ಹೋಗಿಬರುವವರ ಓಟ ಸುಮಾರು 30 ಕಿಲೋಮೀಟರು. ಅದರ ಇಮ್ಮಡಿ, ಅಂದರೆ ನಿಜವಾದ 60 ಕಿಲೋಮೀಟರು ಓಡಬಲ್ಲ ಗಾಡಿಯಿದ್ದರೆ ಒಂದು ರಾತ್ರಿ ವಿದ್ಯುತ್ತು ಕೈಕೊಟ್ಟರೂ ಮಾರನೆಯ ದಿನ ನಡೆಯುತ್ತದೆ, ಮುಪ್ಪಿನ ಕಾಲಕ್ಕೂ ಸ್ವಲ್ಪ ಮಿಗುತ್ತದೆ. ಇದಕ್ಕೆ ಮೂರು ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಧಾರಾಳ. ಮನೆಯ ಸುತ್ತಮುತ್ತಲ ಓಡಾಟಕ್ಕಾದರೆ ಎರಡು, ಎರಡೂವರೆಯಾದರೂ ಸಾಕು. ಒಂದು ಕಿಲೋವ್ಯಾಟ್ ಗಂಟೆಯೆಂದರೆ ಮನೆಯ ಮೀಟರಿನಲ್ಲಿ ಒಂದು ಯೂನಿಟ್ಟು, ಬೇರೇನಲ್ಲ. ಹತ್ತು ಕಿಲೋಮೀಟರಿನ ಓಟಕ್ಕೆ ಅತಿ ದೊಡ್ಡ ಬ್ಯಾಟರಿ ಕೊಳ್ಳುವುದು, ಇಬ್ಬರ ಸಂಸಾರಕ್ಕೆ ಮದುವೆಮನೆಯ ಕೊಪ್ಪರಿಗೆಯನ್ನು ತಂದಂತೆ.

ಉಳಿತಾಯದ ಲೆಕ್ಕವೂ ಈ ಓಟವನ್ನೇ ಅವಲಂಬಿಸಿದೆ. ತಿಂಗಳಿಗೆ 25 ದಿನ, ದಿನಕ್ಕೆ 30 ಕಿಲೋಮೀಟರು ಓಡಿದರೆ ಒಟ್ಟು 750. ಲೀಟರಿಗೆ 45 ಕಿಲೋಮೀಟರು ಕೊಡುವ ಪೆಟ್ರೋಲು ಸ್ಕೂಟರಿಗೆ, ಲೀಟರಿನ ಬೆಲೆ 100 ರೂಪಾಯಿ ಎಂದು ಹಿಡಿದರೂ, ತಿಂಗಳಿಗೆ 1,660 ರೂಪಾಯಿಗೂ ಮಿಗಿಲಾಗಿ ಬೇಕು. ವಿದ್ಯುತ್ ಗಾಡಿ, ಚಾರ್ಜು ಮಾಡುವಾಗ ಪೋಲಾಗುವುದನ್ನೂ ಸೇರಿಸಿಕೊಂಡು, ಯೂನಿಟ್ಟಿಗೆ 25 ಕಿಲೋಮೀಟರು ಓಡಿದರೆ 30 ಯೂನಿಟ್ಟು ಸಾಕು. ತೆರಿಗೆ ಸಹಿತ ಯೂನಿಟ್ಟಿಗೆ 8 ರೂಪಾಯಿಯಂತೆ 240 ರೂಪಾಯಿ. ವರ್ಷಕ್ಕೆ 17,000 ರೂಪಾಯಿಯಷ್ಟು ಉಳಿಯಿತು. ವಿದ್ಯುತ್ ಗಾಡಿಗೆ 25,000 ರೂಪಾಯಿ ಹೆಚ್ಚು ಕೊಟ್ಟಿದ್ದರೂ ಒಂದೂವರೆ ವರ್ಷದಲ್ಲಿ ಅದು ತೀರಿತು. ಆದರೆ ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ದಿನಕ್ಕೆ ಹತ್ತೇ ಕಿಲೋಮೀಟರು ಓಡಿಸುವ ಮನೆಯಲ್ಲಿ ವರ್ಷಕ್ಕೆ ಉಳಿಯುವುದು 6,000 ರೂಪಾಯಿಯೊಳಗೆ. ಹೆಚ್ಚುವರಿ ಬೆಲೆ ತೀರಲು ನಾಲ್ಕು ವರ್ಷ ದಾಟುತ್ತದೆ. ಇಂಥ ಮನೆಯವರು ಸದ್ದಿಲ್ಲದ ಸುಖಕ್ಕಾಗಿ, ಹೊಗೆಯಿಲ್ಲದ ಬೀದಿಗಾಗಿ ಕೊಳ್ಳಲಿ. ಲಾಭಕ್ಕೆಂದು ಕೊಂಡರೆ ನಿರಾಶೆ ಕಾದಿದೆ.

ಕರ್ನಾಟಕದ ಸಂಸಾರಗಳು ಈ ಲೆಕ್ಕಕ್ಕೆ ಇನ್ನೊಂದು ಸಾಲನ್ನು ಸೇರಿಸಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಉಚಿತವಾಗಿ ಸಲ್ಲುವ ವಿದ್ಯುತ್ತನ್ನು ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಕೂಡಿಸಿ ಗೊತ್ತುಮಾಡಲಾಗಿದೆ. ಅದನ್ನು ಮೀರಿದ ಯೂನಿಟ್ಟುಗಳಿಗೆ ಹಣ ತೆರಬೇಕು. ಬಳಕೆ 200 ಯೂನಿಟ್ಟು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಈಗಾಗಲೇ 180 ಯೂನಿಟ್ಟು ಉರಿಸುತ್ತಿರುವ ಮನೆಗೆ ಸ್ಕೂಟರಿನ 30 ಯೂನಿಟ್ಟು ಸೇರಿದರೆ ಆ ತಿಂಗಳ ಉಚಿತ ಸೌಲಭ್ಯವೇ ತಪ್ಪಿಹೋಗುತ್ತದೆ. ಗಾಡಿ ಕೊಳ್ಳುವ ಮೊದಲು ಹಳೆಯ ಬಿಲ್ಲುಗಳನ್ನು ತೆರೆದು ನೋಡುವ ಗೃಹಿಣಿಯ ಮುಂದೆ ಯಾವ ಮಾರಾಟಗಾರನ ವಾಕ್ಚಾತುರ್ಯವೂ ನಡೆಯದು.

ಇನ್ನು ಚಾರ್ಜು ಮಾಡುವ ಸ್ಥಳ. ಸ್ವಂತ ಮನೆ, ಅಂಗಳದಲ್ಲೊಂದು ಪ್ಲಗ್ಗು ಇರುವವರಿಗೆ ಇದು ಪ್ರಶ್ನೆಯೇ ಅಲ್ಲ. ಬಾಡಿಗೆಯ ಮನೆಯಲ್ಲಿ, ಅದೂ ಎರಡನೆಯ ಮಹಡಿಯಲ್ಲಿ, ವಾಸಿಸುವವರಿಗೆ ಇದೇ ಮೊದಲ ಪ್ರಶ್ನೆ. ಗಾಡಿಯನ್ನು ಮನೆಗೆ ತಂದ ಮೇಲೆ ಮಾಲೀಕರ ಅಪ್ಪಣೆ ಕೇಳುವುದು ಹೆಣ್ಣು ನೋಡಿ ಒಪ್ಪಿದ ಮೇಲೆ ಗೋತ್ರ ಕೇಳಿದಂತೆ. ತಮ್ಮ ಮೀಟರಿನಿಂದಲೇ ಕೆಳಗಿನವರೆಗೆ ತಂತಿ ಎಳೆಯಲು ಅವರು ಒಪ್ಪುವರೇ? ಇಲ್ಲವಾದರೆ ಒಂದು ಚಿಕ್ಕ ಉಪಮೀಟರು ಹಾಕಿಸಿ, ತಿಂಗಳ ಲೆಕ್ಕ ಒಪ್ಪಿಸುವ ಏರ್ಪಾಡಿಗೆ ಒಡಂಬಡುವರೇ? ವಠಾರದ ಸಂಘಗಳಲ್ಲಿ ಈ ವಿಷಯಕ್ಕೆ ಎದ್ದಿರುವ ವಾಗ್ವಾದಗಳು ಸಾಮಾನ್ಯವಲ್ಲ. ಯಾವ ದಾರಿಯೂ ಇಲ್ಲದವರು ತೆಗೆದು ಒಯ್ಯಬಹುದಾದ ಬ್ಯಾಟರಿಯ ಗಾಡಿಗಳನ್ನು ನೋಡಬಹುದು. ವಿಡಾ ಗಾಡಿ ಹೆಸರಾದದ್ದು ಇಂಥ ಬ್ಯಾಟರಿಯಿಂದಲೇ. ಆದರೆ ಹತ್ತು ಕಿಲೋಗ್ರಾಂನಷ್ಟು ಭಾರದ ಪೆಟ್ಟಿಗೆಯನ್ನು ದಿನವೂ ಮೆಟ್ಟಿಲು ಹತ್ತಿಸುವವರು ಯಾರೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ದಾಂಪತ್ಯದ ನೆಮ್ಮದಿಗೆ ಒಳ್ಳೆಯದು. ಪ್ಲಗ್ಗು ಯಾವುದೇ ಇರಲಿ, ಅದಕ್ಕೆ ಭೂಸಂಪರ್ಕ ಸರಿಯಾಗಿರಬೇಕು. ಇಸ್ತ್ರಿಪೆಟ್ಟಿಗೆಗೆಂದು ಎಂದೋ ಹಾಕಿಸಿದ ಸಡಿಲ ಪ್ಲಗ್ಗಿನಲ್ಲಿ ಇಡೀ ರಾತ್ರಿ ಚಾರ್ಜು ಮಾಡಿದರೆ ಸುಡುವುದು ಮೊದಲು ಪ್ಲಗ್ಗು. ವಿದ್ಯುತ್ ಕೆಲಸ ಬಲ್ಲವನನ್ನು ಒಮ್ಮೆ ಕರೆಸಿ ತೋರಿಸಿದರೆ ಆಗುವ ಖರ್ಚು ಅಲ್ಪ.

ಬೆಂಕಿಯ ಮಾತು ಬಂದಾಗ 2022ನೆಯ ವರ್ಷವನ್ನು ಮರೆಯುವಂತಿಲ್ಲ. ಆ ವರ್ಷದ ಬೇಸಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದುವು. ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಕಟ್ಟಡವೊಂದರ ಕೆಳಭಾಗದ ಸ್ಕೂಟರು ಮಳಿಗೆಯಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿನ ವಸತಿಗೃಹವನ್ನು ತುಂಬಿ ಎಂಟು ಜನರ ಪ್ರಾಣ ಹೋಯಿತು. ಬ್ಯಾಟರಿಯೆಂದರೆ ಒಂದೇ ವಸ್ತುವಲ್ಲ. ಒತ್ತೊತ್ತಾಗಿ ಜೋಡಿಸಿದ ನೂರಾರು ಸಣ್ಣ ಕೋಶಗಳ ಸಮೂಹ. ಅವುಗಳಲ್ಲಿ ಒಂದು ಕೆಟ್ಟು ಕಾದರೆ ಆ ಕಾವು ನೆರೆಯದಕ್ಕೆ ಹಬ್ಬುತ್ತದೆ, ಅಲ್ಲಿಂದ ಮುಂದಕ್ಕೆ. ಪ್ರತಿ ಕೋಶದ ಕಾವನ್ನೂ ಒತ್ತಡವನ್ನೂ ಕಾಯುವ ಒಂದು ವಿದ್ಯುನ್ಮಾನ ಕಾವಲುಗಾರ ಒಳಗಿರುತ್ತದೆ. ಅಗ್ಗದ ಗಾಡಿಗಳಲ್ಲಿ ಮೊದಲು ಕಳಪೆಯಾಗುವುದು ಈ ಕಾವಲೇ. ಆ ದುರಂತಗಳ ಬಳಿಕ ಕೇಂದ್ರ ಸರಕಾರ ಬ್ಯಾಟರಿಯ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಿತು. ಎ.ಐ.ಎಸ್. 156 ಎಂಬ ಆ ನಿಯಮಾವಳಿಯ ಮೊದಲ ಘಟ್ಟ 2022ರ ಡಿಸೆಂಬರಿನಿಂದಲೂ ಎರಡನೆಯದು 2023ರ ಮಾರ್ಚ್ ಕೊನೆಯಿಂದಲೂ ಜಾರಿಗೆ ಬಂದಿತು. ಹಳೆಯ ಗಾಡಿಯನ್ನು ಅಗ್ಗಕ್ಕೆ ಕೊಳ್ಳಹೊರಟವರು ಅದರ ತಯಾರಿಕೆಯ ತಿಂಗಳನ್ನು ನೋಡಬೇಕಾದುದು ಇದಕ್ಕಾಗಿ. ಅದು 2023ರ ಏಪ್ರಿಲಿಗೆ ಮುಂಚಿನದಾದರೆ, ಬೆಲೆ ಎಷ್ಟೇ ಇಳಿದರೂ, ಎರಡು ಬಾರಿ ಯೋಚಿಸಬೇಕು.

ಬ್ಯಾಟರಿಯ ರಸಾಯನದಲ್ಲಿಯೂ ಭೇದವುಂಟು. ಸೀಸ ಮತ್ತು ಆಮ್ಲದ ಹಳೆಯ ಬಗೆ ಭಾರವಾದುದು, ಬೇಗ ಸೊರಗುವಂಥದು. ಅದನ್ನು ಈಗ ಬಿಟ್ಟುಬಿಡುವುದೇ ಲೇಸು. ಲಿಥಿಯಂ ಬಗೆಗಳಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟುಗಳನ್ನು ಬಳಸಿದುದು ಹಗುರ. ಕಬ್ಬಿಣದ ಫಾಸ್ಫೇಟನ್ನು ಬಳಸಿದುದು ಸ್ವಲ್ಪ ತೂಕ, ಆದರೆ ಕಾವನ್ನು ತಾಳುವ ಶಕ್ತಿಯೂ ಆಯುಸ್ಸೂ ಅದಕ್ಕೆ ಹೆಚ್ಚು. ರಾಯಚೂರು, ಕಲಬುರಗಿ, ಬಳ್ಳಾರಿಗಳ ಬಿಸಿಲಿನಲ್ಲಿ ಓಡಿಸುವವರು ಇದನ್ನು ಮನಸ್ಸಿನಲ್ಲಿಡಬೇಕು. ಯಾವ ಬಗೆಯದಾದರೂ, ಮಟಮಟ ಮಧ್ಯಾಹ್ನ ಓಡಿಸಿ ತಂದ ಗಾಡಿಯನ್ನು ಆ ಕ್ಷಣವೇ ಚಾರ್ಜಿಗೆ ಹಾಕದೆ, ಅರ್ಧ ಗಂಟೆ ನೆರಳಿನಲ್ಲಿ ತಣಿಯಲು ಬಿಡುವುದು ಹಿತ. ಮನೆಯಿಂದ ಹೊರಹೋಗುವ ಒಂದೇ ಬಾಗಿಲಿಗೆ, ಮೆಟ್ಟಿಲಿನ ಬುಡಕ್ಕೆ ಅಡ್ಡವಾಗಿ ನಿಲ್ಲಿಸಿ ಚಾರ್ಜು ಮಾಡಲೇಬಾರದು.

ಅಂಗಡಿ ಬೀದಿಗಳಲ್ಲಿ ಲೈಸೆನ್ಸು ಬೇಡ, ನೋಂದಣಿ ಬೇಡ ಎಂದು ಕೂಗಿ ಮಾರುವ ಗಾಡಿಗಳೂ ಉಂಟು. ಮೋಟಾರಿನ ಶಕ್ತಿ 250 ವ್ಯಾಟಿಗೂ ವೇಗ ಗಂಟೆಗೆ 25 ಕಿಲೋಮೀಟರಿಗೂ ಒಳಪಟ್ಟಿದ್ದರೆ ಕಾನೂನು ಅದನ್ನು ಮೋಟಾರು ವಾಹನವೆಂದು ಗಣಿಸುವುದಿಲ್ಲ ಎಂಬುದು ನಿಜ. ಬಡಾವಣೆಯೊಳಗಿನ ಓಡಾಟಕ್ಕೆ ಅದರಿಂದ ಕೆಡುಕೇನೂ ಇಲ್ಲ. ಆದರೆ “ಬೀಗ ತೆಗೆದುಕೊಡುತ್ತೇವೆ, ನಲವತ್ತರಲ್ಲಿ ಓಡುತ್ತದೆ” ಎಂದು ಪಿಸುಗುಟ್ಟುವ ವರ್ತಕನಿಂದ ದೂರವಿರಬೇಕು. ಹಾಗೆ ತಿದ್ದಿದ ಗಾಡಿ ಅಪಘಾತಕ್ಕೆ ಸಿಕ್ಕಿದರೆ ಸವಾರನ ನೆರವಿಗೆ ವಿಮೆಯಿಲ್ಲ, ಕಾನೂನೂ ಇಲ್ಲ.

ಬೆಲೆಯ ವಿಷಯದಲ್ಲಿ ಮಳಿಗೆಯ ಗೋಡೆಯ ಮೇಲಿನ ಸಂಖ್ಯೆಯನ್ನು ನಂಬುವಂತಿಲ್ಲ. ಸರಕಾರದ ಸಹಾಯಧನ ಕಾಲಕಾಲಕ್ಕೆ ಏರಿಳಿದಿದೆ: 2021ರ ಜೂನಿನಲ್ಲಿ ಬ್ಯಾಟರಿಯ ಕಿಲೋವ್ಯಾಟ್ ಗಂಟೆಗೆ 15,000 ರೂಪಾಯಿಗೆ ಏರಿದ್ದುದು 2023ರ ಜೂನಿನಲ್ಲಿ 10,000ಕ್ಕೂ 2024ರಲ್ಲಿ 5,000ಕ್ಕೂ ಇಳಿಯಿತು. ಕಳೆದ ವರ್ಷ ಕೊಂಡ ನೆಂಟರು ಹೇಳಿದ ಬೆಲೆಯನ್ನು ಹಿಡಿದು ಜಗ್ಗಾಡುವುದರಲ್ಲಿ ಅರ್ಥವಿಲ್ಲ. ಕೆಲವು ಕಂಪೆನಿಗಳು ಚಾರ್ಜರನ್ನು ಬೇರೆ ವಸ್ತುವೆಂದು ತೋರಿಸಿ ಪ್ರತ್ಯೇಕವಾಗಿ ಹಣ ಪಡೆದುದು, ಸರಕಾರದ ವಿಚಾರಣೆಯ ಬಳಿಕ 2023ರಲ್ಲಿ ಅದನ್ನು ಹಿಂದಿರುಗಿಸಲು ಒಪ್ಪಿದುದು ಅನೇಕರಿಗೆ ನೆನಪಿರಬಹುದು. ಪರದೆಯ ಕೆಲವು ಸೌಲಭ್ಯಗಳಿಗೂ ಬ್ಯಾಟರಿಯ ದೀರ್ಘ ಖಾತರಿಗೂ ಬೇರೆ ಬೇರೆ ಹಣ ಕೇಳುವ ಪದ್ಧತಿಯಿದೆ. ಚಾರ್ಜರು, ವಿಮೆ, ನೋಂದಣಿ, ಖಾತರಿ ಎಲ್ಲವನ್ನೂ ಕೂಡಿಸಿ, ಗಾಡಿ ಮನೆಯ ಮುಂದೆ ನಿಲ್ಲುವವರೆಗಿನ ಮೊತ್ತವನ್ನು ಕಾಗದದಲ್ಲಿ ಬರೆಸಿಕೊಂಡು ಹೋಲಿಸಬೇಕು. ಪರದೆಯ ಹಾಡಿಗೆ ಕೊಡುವ ಹಣವನ್ನು ಬ್ಯಾಟರಿಯ ಖಾತರಿಗೆ ಕೊಡುವುದು ಜಾಣತನ. ಬ್ಯಾಟರಿಯೇ ಗಾಡಿಯ ಅತಿ ದುಬಾರಿ ಅಂಗ. ಮೂರು ವರ್ಷಗಳ ಖಾತರಿ ಸಾಮಾನ್ಯವಾಗಿದ್ದ ಕಾಲ ಹೋಗಿ, 2024ರಿಂದೀಚೆಗೆ ಎಂಟು ವರ್ಷ ಅಥವಾ 80,000 ಕಿಲೋಮೀಟರಿನ ಖಾತರಿಯೂ ದೊರೆಯತೊಡಗಿದೆ. ಅದರಲ್ಲಿ ಒಂದು ಸಾಲನ್ನು ಭೂತಗನ್ನಡಿ ಹಿಡಿದಾದರೂ ಓದಬೇಕು: ಬ್ಯಾಟರಿ ಪೂರ್ತಿ ಸತ್ತರೆ ಮಾತ್ರ ಬದಲಿಸಿಕೊಡುವರೋ, ಶಕ್ತಿ 70ರ ಕೆಳಕ್ಕೆ ಇಳಿದರೂ ಬದಲಿಸುವರೋ?

ಖಾತರಿಯ ಕಾಗದಕ್ಕೆ ಬೆಲೆ ಬರುವುದು ಅದನ್ನು ಕೊಟ್ಟವರು ಉಳಿದಿದ್ದರೆ. ದೇಶದ ವಿದ್ಯುತ್ ದ್ವಿಚಕ್ರ ವಾಹನಗಳ ಮಾರಾಟದಲ್ಲಿ ಒಮ್ಮೆ ಮುಂಚೂಣಿಯಲ್ಲಿದ್ದ ಕಂಪೆನಿಯೊಂದು 2024ರ ಡಿಸೆಂಬರಿನಲ್ಲಿ ದಿವಾಳಿಯ ವಿಚಾರಣೆಗೆ ಒಳಪಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಗಾಡಿ ಕೊಂಡು ತಿಂಗಳೂ ತುಂಬದ ಗ್ರಾಹಕನೊಬ್ಬ, ರಿಪೇರಿಗೆ ಅಲೆದಲೆದು ರೋಸಿ, ಮಳಿಗೆಗೇ ಬೆಂಕಿಯಿಟ್ಟು ಸೆರೆಯಾದ. ಕೃತ್ಯ ಅಪರಾಧವೇ, ಆದರೆ ಆ ಸಿಟ್ಟಿನ ಮೂಲ ಹಲವರಿಗೆ ಅರ್ಥವಾಯಿತು. ಒಂದೇ ಕಂಪೆನಿಯ ಮೇಲೆ ಒಂದು ವರ್ಷದ ಅವಧಿಯಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ದೂರುಗಳು ಹತ್ತು ಸಾವಿರವನ್ನು ಮೀರಿ, 2024ರ ಅಕ್ಟೋಬರಿನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದಕ್ಕೆ ನೋಟೀಸು ಕಳುಹಿಸಿತು. ಕೆಟ್ಟ ಪೆಟ್ರೋಲು ಸ್ಕೂಟರನ್ನು ಮೂಲೆಯಂಗಡಿಯ ಮೆಕ್ಯಾನಿಕ್ಕು ಸ್ಪ್ಯಾನರು ಹಿಡಿದು ಎಬ್ಬಿಸಬಲ್ಲ. ವಿದ್ಯುತ್ ಗಾಡಿಯ ಬಹುಪಾಲು ರೋಗಗಳು ತಂತ್ರಾಂಶದಲ್ಲಿ, ಕಂಟ್ರೋಲರಿನಲ್ಲಿ. ಅದಕ್ಕೆ ಬೇಕಾದ ಸಾಧನ ಕಂಪೆನಿಯವರ ಬಳಿಯಲ್ಲಿ ಮಾತ್ರ. ಬಿಡಿಭಾಗವೊಂದು ಬಾರದೆ ಗಾಡಿ ಮೂರು ವಾರ ನಿಂತರೆ ಆ ಮೂರು ವಾರದ ಆಟೋ ಬಾಡಿಗೆ ವರ್ಷದ ಉಳಿತಾಯದಲ್ಲಿ ದೊಡ್ಡ ತುಂಡನ್ನೇ ನುಂಗುತ್ತದೆ.

ಅದಕ್ಕೆಂದೇ ಅನುಭವಸ್ಥರು ಮಳಿಗೆಗೆ ಹೋಗುವ ಮೊದಲು ರಿಪೇರಿ ಕೇಂದ್ರಕ್ಕೆ ಹೋಗುತ್ತಾರೆ. ಶನಿವಾರ ಬೆಳಗ್ಗೆ ಅದರ ಎದುರಿನ ಚಹದಂಗಡಿಯಲ್ಲಿ ಒಂದು ಗಂಟೆ ಕುಳಿತರೆ ಸಾಕು, ಯಾವ ಜಾಹೀರಾತೂ ಹೇಳದ ಸಂಗತಿಗಳು ತಾವಾಗಿ ಕಿವಿಗೆ ಬೀಳುತ್ತವೆ. ಹಿತ್ತಲಲ್ಲಿ ಧೂಳು ಹಿಡಿದು ನಿಂತ ಗಾಡಿಗಳೆಷ್ಟು? ಬಂದವರಿಗೆ ದಿನಾಂಕ ಹೇಳುತ್ತಾರೆಯೋ, “ಭಾಗ ಬಂದ ಮೇಲೆ ಫೋನು ಮಾಡುತ್ತೇವೆ” ಎನ್ನುತ್ತಾರೆಯೋ? ಹೊರಬರುವವರ ಮುಖದಲ್ಲಿ ನಗುವಿದೆಯೇ? ಬೆಂಗಳೂರಿನಲ್ಲಿ ಹೆಸರಾದ ಗಾಡಿ ಹಾಸನದಲ್ಲಿಯೋ ಶಿರಸಿಯಲ್ಲಿಯೋ ಅನಾಥವಾಗಿರಬಹುದು. ಊರಿನಲ್ಲಿ ಯಾವುದರ ರಿಪೇರಿ ಚೆನ್ನಾಗಿದೆಯೋ ಅದೇ ಆ ಊರಿಗೆ ಉತ್ತಮ ಸ್ಕೂಟರು. ಉಳಿದ ಗುಣಗಳಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಮೆಯಿದ್ದರೂ ಚಿಂತೆಯಿಲ್ಲ. ಚೇತಕಿನ ಹೊದಿಕೆ ಲೋಹದ್ದು, 2024ರಲ್ಲಿ ಬಂದ ಏಥರ್ ರಿಜ್ಟಾದ ಸೀಟು ಅಗಲವಾದುದು, ಐಕ್ಯೂಬಿನ ಮೋಟಾರು ಹಿಂದಿನ ಚಕ್ರದೊಳಗೇ ಇದೆ. ಇವೆಲ್ಲ ಅನಂತರದ ವಿಚಾರ. ಚಕ್ರದೊಳಗೆ ಮೋಟಾರಿರುವ ಗಾಡಿಯ ಹಿಂಚಕ್ರವನ್ನು ಬಿಚ್ಚಲು ರಸ್ತೆಬದಿಯ ಪಂಕ್ಚರಿನವರು ಹಿಂದೆಗೆಯುತ್ತಾರೆ ಎಂಬುದನ್ನು ಮಾತ್ರ ತಿಳಿದಿರಬೇಕು. ಟ್ಯೂಬಿಲ್ಲದ ಟೈರಾದರೆ ಆ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಮಳೆಗಾಲಕ್ಕೆ ಐ.ಪಿ. 67 ಎಂಬ ಗುರುತನ್ನು ನೋಡುವುದುಂಟು. ಅದನ್ನು ಪಡೆದ ಭಾಗ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಕ್ಕೆ ನೀರು ಹೋಗದು. ಆದರೆ ಆ ಗುರುತು ಬಹುತೇಕ ಬ್ಯಾಟರಿಗೆ, ಮೋಟಾರಿಗೆ ಸೇರಿದ್ದು, ಇಡೀ ಗಾಡಿಗಲ್ಲ. ನೀರು ನಿಂತ ಕೆಳಸೇತುವೆಯಲ್ಲಿ ಅದನ್ನು ದೋಣಿಯಂತೆ ನಡೆಸುವ ಸಾಹಸ ಬೇಡ.

ಪರೀಕ್ಷೆಗೆಂದು ಓಡಿಸುವಾಗ ಒಬ್ಬರೇ ಹೋಗಿ ಬರುವುದರಿಂದ ತಿಳಿಯುವುದು ಕಡಮೆ. ಮನೆಯಲ್ಲಿ ಗಾಡಿ ಓಡಿಸುವವರೆಲ್ಲ ಹೋಗಬೇಕು. ತಾಯಿಯ ಕಾಲು ನೆಲಕ್ಕೆ ತಾಗುವುದೇ, ಮಗಳು ಅದನ್ನು ಸ್ಟ್ಯಾಂಡಿಗೆ ಎತ್ತಬಲ್ಲಳೇ, ಹಿಂದೆ ಸೀರೆಯುಟ್ಟು ಕೂರುವವರಿಗೆ ಕಾಲಿಡುವ ಜಾಗ ಸರಿಯಿದೆಯೇ ಎಂದು ನೋಡಬೇಕು. ಇಬ್ಬರು ಕುಳಿತು ಒಂದು ಕಡಿದಾದ ಏರನ್ನೂ ಒಂದು ಗುಂಡಿಬಿದ್ದ ಬೀದಿಯನ್ನೂ ದಾಟಬೇಕು. ಚಿಕ್ಕ ಮಕ್ಕಳಿರುವ ಮನೆಯವರು ಇನ್ನೊಂದನ್ನು ಗಮನಿಸಬೇಕು. ಪೆಟ್ರೋಲು ಗಾಡಿ ಚಾಲೂ ಇದ್ದರೆ ಅದರ ಸದ್ದೇ ಎಚ್ಚರಿಸುತ್ತದೆ. ಇದು ಎಚ್ಚರವಾಗಿದ್ದರೂ ನಿದ್ದೆ ಮಾಡುವಂತೆ ನಿಂತಿರುತ್ತದೆ. ಗೇಟು ತೆರೆಯಲೆಂದು ತಂದೆ ಇಳಿದ ಅರೆಗಳಿಗೆಯಲ್ಲಿ, ಮುಂದೆ ನಿಂತ ಮಗು ಹಿಡಿಯನ್ನು ತಿರುಚಿದರೆ ಗಾಡಿ ಮುನ್ನುಗ್ಗುತ್ತದೆ. ಸ್ಟ್ಯಾಂಡು ಇಳಿಸಿದೊಡನೆ ಮೋಟಾರು ತಾನಾಗಿ ನಿಲ್ಲುವ ಏರ್ಪಾಡು ಇದೆಯೇ ಎಂದು ಮಳಿಗೆಯಲ್ಲಿಯೇ ಮಾಡಿಸಿ ನೋಡಬೇಕು. ಇದ್ದರೂ, ಇಳಿಯುವ ಮೊದಲು ಗಾಡಿಯನ್ನು ಆರಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮನೆಮಂದಿಯೆಲ್ಲ ಮಾಡಿಕೊಳ್ಳಬೇಕು.